ಗುಡ್ಡದ ಮೇಲಿನ ಪಿಸಿಗೆ ಯಾವ ನೆಟ್‌ವರ್ಕ್ ಡ್ರೈವರ್? ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಹೋಲಿಕೆ

ಎಸ್ಟೇಟ್ ಆಫೀಸು, ಹೋಂಸ್ಟೇ, ಶಾಲೆಯ ಲ್ಯಾಬು, ಸಣ್ಣ ಅಂಗಡಿ. ಇಂಥ ಕಡೆ ಒಂದು ಪುಟ್ಟ ಪಿಸಿ ಇಟ್ಟು, ಅದನ್ನೇ ರೂಟರ್, ಫೈರ್‌ವಾಲ್, ಸಿಸಿಟಿವಿ ರೆಕಾರ್ಡಿಂಗ್ ಎಲ್ಲಕ್ಕೂ ಬಳಸುವ ಯೋಚನೆ ಇರುವವರಿಗೆ ಈ ಬರಹ. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರೂ ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂಗಳು (ಓಎಸ್), ಕೊನೆಯ ಎರಡು ಬಿಎಸ್‌ಡಿ ಕುಟುಂಬದವು. ಓಎಸ್ ನೆಟ್‌ವರ್ಕ್ ಕಾರ್ಡಿನ ಜೊತೆ ಮಾತಾಡಲು ಬೇಕಾದ ತಂತ್ರಾಂಶವೇ ಡ್ರೈವರ್. ಎಲ್ಲರೂ ಮೊದಲು ಕೇಳುವುದು ಒಂದೇ: "ಲಿನಕ್ಸ್ ಫಾಸ್ಟಾ, ಬಿಎಸ್‌ಡಿ ಫಾಸ್ಟಾ?" ಹಾಸನ, ಚಿಕ್ಕಮಗಳೂರಿನ ಕಡೆಯ ಕೆಲಸಕ್ಕೆ ಈ ಪ್ರಶ್ನೆ ಅಷ್ಟು ಮುಖ್ಯ ಅಲ್ಲ.

ಲೆಕ್ಕ ಹಾಕಿ ನೋಡಿ. ಗಿಗಾಬಿಟ್ ಕಾರ್ಡಿನಲ್ಲಿ 1500 ಬೈಟಿನ ಪ್ಯಾಕೆಟ್‌ಗಳು ಪೂರ್ತಿ ವೇಗದಲ್ಲಿ ಹರಿದರೆ ಸೆಕೆಂಡಿಗೆ ಸುಮಾರು 81,000 ಪ್ಯಾಕೆಟ್ ಆಗುತ್ತದೆ. ಟಿಸಿಪಿಯಲ್ಲಿ ನಿಜಕ್ಕೂ ಕೈಗೆ ಸಿಗುವುದು ಸುಮಾರು 941 ಮೆಗಾಬಿಟ್. ಈಗಿನ ಸಾಧಾರಣ ಮಿನಿ ಪಿಸಿ ಕೂಡ ಇದನ್ನು ಸುಲಭವಾಗಿ ಮುಟ್ಟುತ್ತದೆ, ಯಾವ ಓಎಸ್ ಹಾಕಿದರೂ. ಇನ್ನು ಮೂಡಿಗೆರೆ ಕಡೆಯ ತೋಟಕ್ಕೆ ಬಂದಿರುವ ಫೈಬರ್ ಲೈನು 100 ಮೆಗಾಬಿಟ್ಟಿನದಾದರೆ, ಡ್ರೈವರ್ ಎಷ್ಟು ಚುರುಕಾಗಿದ್ದರೂ ಲೈನು ದೊಡ್ಡದಾಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೆ ಎಸ್‌ಎಸ್‌ಎಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ದೂರದಿಂದಲೇ, ಒಳಗೆ ಹೋಗಿ ಸರಿ ಮಾಡಬಹುದು. ಸೌಂಡ್ ಡ್ರೈವರ್ ಕೆಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ. ನೆಟ್‌ವರ್ಕ್ ಡ್ರೈವರ್ ಕೆಟ್ಟರೆ ಮಾತ್ರ ಸರಿ ಮಾಡಲು ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಆಮೇಲೆ ಪೇಟೆಯಿಂದ ಕಳಸಕ್ಕೆ ಎರಡು ಗಂಟೆಗೂ ಜಾಸ್ತಿ ಗಾಡಿ ಓಡಿಸಬೇಕು, ಅದೂ ಜುಲೈ ಮಳೆಯಲ್ಲಿ. ಅದಕ್ಕೇ ನಾನು ಡ್ರೈವರನ್ನು ವೇಗದಿಂದ ಅಳೆಯುವುದಿಲ್ಲ. ಕರ್ನಲ್, ಅಂದರೆ ಓಎಸ್‌ನ ತಿರುಳು, ಅಪ್‌ಡೇಟ್ ಆದ ಮರುದಿನ ಕಾರ್ಡು ಎದ್ದು ನಿಲ್ಲುತ್ತದಾ ಅನ್ನುವುದೇ ನನ್ನ ಅಳತೆ.

ಮಾಡ್ಯೂಲ್ ಅಂದರೆ ಬೇಲಿ ಅಲ್ಲ

ಲಿನಕ್ಸ್‌ನಲ್ಲಿ ಡ್ರೈವರನ್ನು ಕರ್ನಲ್ ಒಳಗೇ ಸೇರಿಸಿ ಕಟ್ಟಬಹುದು, ಇಲ್ಲವೇ ಬೇರೆ ಫೈಲಾಗಿ ಇಟ್ಟು ಬೇಕಾದಾಗ ಲೋಡ್ ಮಾಡಬಹುದು. ಈ ಬೇರೆ ಫೈಲಿಗೇ ಮಾಡ್ಯೂಲ್ ಅನ್ನುತ್ತಾರೆ. ವೇಗದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ ಅಂತಲೇ ಇಟ್ಟುಕೊಳ್ಳಿ. ಲೋಡ್ ಆದ ಮೇಲೆ ಮಾಡ್ಯೂಲ್ ಕೂಡ ಕರ್ನಲ್‌ನದೇ ಒಂದು ಭಾಗ.

ತೊಂದರೆಯೂ ಅಲ್ಲೇ ಇರುವುದು. ಮಾಡ್ಯೂಲುಗಳು ತೋಟದ ಲೈನು ಮನೆಗಳ ಹಾಗೆ: ಬಾಗಿಲು ಬೇರೆ ಬೇರೆ, ಮಾಡು ಒಂದೇ. ಒಂದು ಮನೆಯಲ್ಲಿ ಬೆಂಕಿ ಬಿದ್ದರೆ ಉಳಿದವರೂ ಹೊರಗೆ ಓಡಬೇಕು. 2008ರಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಲಿನಕ್ಸ್ 2.6.27 ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಕೆಲವರ ಇಂಟೆಲ್ ಕಾರ್ಡುಗಳು ಸತ್ತೇಹೋದವು. ಕಾರ್ಡಿನೊಳಗಿನ ಶಾಶ್ವತ ಮೆಮೊರಿ ಅಳಿಸಿಹೋಗುತ್ತಿತ್ತು. ಎಲ್ಲರೂ ಇ1000ಇ ಡ್ರೈವರಿನ ಮೇಲೆ ಅನುಮಾನ ಪಟ್ಟರು. ಕೊನೆಗೆ ನೋಡಿದರೆ ತಪ್ಪು ಎಫ್‌ಟ್ರೇಸ್ ಅನ್ನುವ ಬೇರೆಯೇ ಭಾಗದ್ದು. ಯಾವುದೋ ಮಾಡ್ಯೂಲ್ ಬಿಟ್ಟುಕೊಟ್ಟಿದ್ದ ಜಾಗಕ್ಕೆ ಅದು ಬರೆಯುತ್ತಿತ್ತು. ಅಷ್ಟರಲ್ಲಿ ಆ ಜಾಗದಲ್ಲಿ ಕಾರ್ಡಿನ ಮೆಮೊರಿ ಬಂದು ಕೂತಿತ್ತು.

ಹಾಗಾಗಿ "ಮಾಡ್ಯುಲರ್ ಆದ್ದರಿಂದ ಸುರಕ್ಷಿತ" ಅನ್ನುವ ಮಾತನ್ನು ಲಿನಕ್ಸ್, ಫ್ರೀಬಿಎಸ್‌ಡಿ ವಿಷಯದಲ್ಲಿ ನಂಬಬೇಡಿ. ನಿಜವಾದ ಬೇಲಿ ಹಾಕಿದವರು ಬೇರೆ ಇದ್ದಾರೆ. 2005ರಲ್ಲಿ ಬಂದ ಮಿನಿಕ್ಸ್ 3 ಅನ್ನುವ ಓಎಸ್‌ನಲ್ಲಿ ನೆಟ್‌ವರ್ಕ್ ಡ್ರೈವರ್ ಒಂದು ಮಾಮೂಲಿ ಪ್ರೋಗ್ರಾಮಿನ ಹಾಗೆ ಕರ್ನಲ್ ಹೊರಗೆ ಓಡುತ್ತದೆ. ಸತ್ತರೆ ಅದನ್ನು ಮತ್ತೆ ಎಬ್ಬಿಸಲೆಂದೇ ಒಂದು ಸರ್ವರ್ ಇದೆ. ಆಪಲ್ ಕೂಡ 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಡ್ರೈವರುಗಳನ್ನು ಕರ್ನಲ್ ಹೊರಗೆ ಕಳಿಸಲು ಶುರು ಮಾಡಿತು. ಓದಲು ಚೆನ್ನಾಗಿದೆ, ಆದರೆ ಎಸ್ಟೇಟಿನ ರೂಟರಿಗೆ ಇವೆರಡೂ ಆಗುವ ಮಾತಲ್ಲ.

ಮಾಡ್ಯೂಲಿನಿಂದ ನಮಗೆ ಸಿಗುವ ಲಾಭ ಚಿಕ್ಕದು, ಆದರೆ ಉಪಯೋಗದ್ದು. ಕಾರ್ಡು ಸಿಕ್ಕಿಹಾಕಿಕೊಂಡರೆ ಮೋಡ್‌ಪ್ರೋಬ್ ಆಜ್ಞೆಯಿಂದ ಡ್ರೈವರನ್ನು ತೆಗೆದು ಮತ್ತೆ ಹಾಕಬಹುದು, ಇಡೀ ಯಂತ್ರ ರೀಬೂಟ್ ಮಾಡಬೇಕಿಲ್ಲ. ಗೇಟ್‌ವೇ, ಅಂದರೆ ಇಂಟರ್ನೆಟ್ಟಿಗೆ ಹೋಗುವ ದಾರಿಯ ಮುಂದಿನ ಯಂತ್ರ, ಕೆಲವು ನಿಮಿಷ ಉತ್ತರ ಕೊಡದಿದ್ದರೆ ಈ ಕೆಲಸ ತಾನೇ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿಡಿ. ಎಷ್ಟೋ ಫೋನ್ ಕರೆ ಉಳಿಯುತ್ತದೆ. ಒಂದು ಮಾತು: ಚಿಪ್ಪೇ ಒಳಗಿಂದ ಸಿಕ್ಕಿಹಾಕಿಕೊಂಡಿದ್ದರೆ ರೀಬೂಟ್ ಕೂಡ ಸಾಲದು. ಪಿಸಿ ಆಫ್ ಆಗಿದ್ದರೂ ಕಾರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಬೇಕು. ಇದನ್ನು ಎಸ್ಟೇಟಿನ ರೈಟರಿಗೆ ಮೊದಲೇ ಹೇಳಿಕೊಟ್ಟಿರಿ.

ಲಿನಕ್ಸ್: ಕರ್ನಲ್ ಜೊತೆ ಬಂದದ್ದಾ, ಕಂಪನಿ ಕೊಟ್ಟದ್ದಾ?

ಓಎಸ್ ಆರಿಸುವುದಕ್ಕಿಂತ ಮುಖ್ಯ ಆಯ್ಕೆ ಇದು. ಒಂದೇ ಕಾರ್ಡಿಗೆ ಎರಡು ಡ್ರೈವರ್ ಇರುವುದು ಮಾಮೂಲು. ಒಂದು ಲಿನಕ್ಸ್ ಕರ್ನಲ್ ಜೊತೆಯೇ ಬರುತ್ತದೆ. ಇನ್ನೊಂದನ್ನು ಚಿಪ್ ಮಾಡಿದ ಕಂಪನಿ ತನ್ನ ಕಡೆಯಿಂದ ಬೇರೆಯಾಗಿ ಕೊಡುತ್ತದೆ. ರಿಯಲ್‌ಟೆಕ್ ಗಿಗಾಬಿಟ್ ಚಿಪ್ಪಿಗೆ ಮೊದಲನೆಯದು ಆರ್8169, ಎರಡನೆಯದು ಆರ್8168. 2.5 ಗಿಗಾಬಿಟ್ಟಿನ 8125 ಚಿಪ್ಪಿಗೆ ಕಂಪನಿಯದು ಆರ್8125. ಕರ್ನಲ್‌ನ ಆರ್8169 ಕೂಡ 2019ರ ಲಿನಕ್ಸ್ 5.4ರಿಂದ ಆ ಚಿಪ್ಪನ್ನು ನಡೆಸುತ್ತದೆ.

ಲಿನಕ್ಸ್ ತನ್ನ ಕರ್ನಲ್ ಒಳಗಿನ ಸಂಪರ್ಕಗಳನ್ನು ಹೊರಗಿನ ಡ್ರೈವರುಗಳಿಗಾಗಿ ಕಾಯ್ದಿಡುವುದಿಲ್ಲ. ಇವತ್ತು ಇದ್ದ ಫಂಕ್ಷನ್ ನಾಳೆ ಬದಲಾಗಬಹುದು. ಕರ್ನಲ್ ಜೊತೆಯೇ ಬರುವ ಡ್ರೈವರನ್ನು ಬದಲಾವಣೆ ಮಾಡಿದವರೇ ಸರಿ ಮಾಡುತ್ತಾರೆ. ಹೊರಗಿನದನ್ನು ಕಂಪನಿ ಮನಸ್ಸು ಮಾಡಿದಾಗ ಸರಿ ಮಾಡುತ್ತದೆ. ಅಲ್ಲಿಯವರೆಗೆ ನೀವೇ ನೋಡಿಕೊಳ್ಳಬೇಕು.

ಡಿಕೆಎಂಎಸ್ ಈ ಕಷ್ಟವನ್ನು ಕಡಿಮೆ ಮಾಡಲೆಂದು ಬಂದದ್ದು. ಹೊಸ ಕರ್ನಲ್ ಬಂದಾಗಲೆಲ್ಲ ಅದು ಹೊರಗಿನ ಡ್ರೈವರನ್ನು ಮತ್ತೆ ಕಟ್ಟುತ್ತದೆ. ಕೇಳಲು ಸುಲಭ, ಅಲ್ವಾ? ಆದರೆ ಅದಕ್ಕೆ ಆ ಕರ್ನಲ್‌ನ ಹೆಡರ್ ಫೈಲುಗಳು ಬೇಕು, ಕಂಪೈಲರ್ ಬೇಕು, ಹಳೆಯ ಸೋರ್ಸ್ ಹೊಸ ಕರ್ನಲ್‌ಗೆ ಹೊಂದಬೇಕು. ಮೂರರಲ್ಲಿ ಒಂದು ತಪ್ಪಿದರೂ ಕಟ್ಟುವುದು ಅರ್ಧಕ್ಕೆ ನಿಲ್ಲುತ್ತದೆ. ಎಚ್ಚರಿಕೆ ಬಂದಿರುತ್ತದೆ, ರಾತ್ರಿ ತಾನಾಗಿ ಆದ ಅಪ್‌ಡೇಟಿನಲ್ಲಿ ಅದನ್ನು ಓದುವವರು ಯಾರು? ಇದರ ಮೇಲೆ, ಎಷ್ಟೋ ಮಾರ್ಗದರ್ಶಿಗಳು ಆರ್8168 ಹಾಕುವಾಗ ಆರ್8169 ಅನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ಲೋಡ್ ಆಗದಂತೆ ತಡೆಯಿರಿ, ಅನ್ನುತ್ತವೆ. ಹಾಗೆ ಮಾಡಿದ ಯಂತ್ರ ಹೊಸ ಕರ್ನಲ್‌ನಲ್ಲಿ ಎದ್ದಾಗ ಆರ್8168ಊ ಇಲ್ಲ, ಆರ್8169ಊ ಇಲ್ಲ.

ಸೆಕ್ಯೂರ್ ಬೂಟ್, ಅಂದರೆ ಸಹಿ ಇರುವ ತಂತ್ರಾಂಶವನ್ನಷ್ಟೇ ಬಿಡುವ ವ್ಯವಸ್ಥೆ, ಆನ್ ಇದ್ದರೆ ಇನ್ನೊಂದು ಗಂಟು. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮದೇ ಕೀ ಸೇರಿಸಬಹುದು, ಆದರೆ ಅದನ್ನು ಒಪ್ಪಿಗೆ ಮಾಡುವ ನೀಲಿ ಪರದೆ ಬೂಟ್ ಆಗುವಾಗ ಬರುತ್ತದೆ. ಅಲ್ಲಿ ಮಾನಿಟರ್, ಕೀಬೋರ್ಡ್ ಇರಬೇಕು, ಒತ್ತುವ ಬೆರಳೂ ಇರಬೇಕು. ದೂರದಿಂದ ಆಗುವ ಕೆಲಸ ಅಲ್ಲ.

ಹಾಗಾದರೆ ಕಂಪನಿ ಡ್ರೈವರ್ ಯಾವಾಗಲೂ ಬೇಡವೇ? ಬೇಕಾಗುವ ಸಂದರ್ಭ ಇದೆ. ಕೆಲವು ರಿಯಲ್‌ಟೆಕ್ ಬೋರ್ಡುಗಳಲ್ಲಿ ಆರ್8169 ಹಾಕಿದಾಗ ಲಿಂಕ್ ಬಿದ್ದು ಏಳುತ್ತಿರುತ್ತದೆ, ಕರ್ನಲ್ ಲಾಗಿನಲ್ಲಿ "ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್" ಅಂತ ಬರುತ್ತದೆ. ಆಗಲೂ ಮೊದಲು ಡ್ರೈವರ್ ಬದಲಿಸಬೇಡಿ. ಪಿಸಿಐ ವಿದ್ಯುತ್ ಉಳಿತಾಯ, ಅಂದರೆ ಎಎಸ್‌ಪಿಎಂ, ಅದನ್ನು ಬಯೋಸ್‌ನಲ್ಲೋ ಕರ್ನಲ್ ಆಯ್ಕೆಯಲ್ಲೋ ಆಫ್ ಮಾಡಿ ನೋಡಿ. ರಿಯಲ್‌ಟೆಕ್ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪುಟ್ಟ ತಂತ್ರಾಂಶ) ಪ್ಯಾಕೇಜ್ ಹಾಕಿದೆಯಾ ನೋಡಿ. ಕೇಬಲ್ ಬದಲಿಸಿ. ಇಷ್ಟಾದರೂ ನಿಲ್ಲದಿದ್ದರೆ ಆಗ ಆರ್8168.

ರಿಯಲ್‌ಟೆಕ್ ಬಗ್ಗೆ ಇಷ್ಟು ಜಗಳ ಯಾಕೆ ಅನ್ನುವುದಕ್ಕೂ ಕಾರಣ ಇದೆ. 8111, 8168 ಅಂತ ಮಾರುವ ಚಿಪ್ಪುಗಳಿಗೆ ಪಿಸಿಐ ಗುರುತಿನ ಸಂಖ್ಯೆ ಒಂದೇ, ಒಳಗಿನ ಆವೃತ್ತಿಗಳು ಮಾತ್ರ ಹಲವು. ಒಂದರಲ್ಲಿ ಸರಿಯಾಗಿರುವ ಸೌಲಭ್ಯ ಇನ್ನೊಂದರಲ್ಲಿ ಹಾರ್ಡ್‌ವೇರಿನಲ್ಲೇ ಕೆಟ್ಟಿರುತ್ತದೆ. ಡ್ರೈವರ್ ಚಿಪ್ಪಿನ ರಿಜಿಸ್ಟರ್ ಓದಿ ಇದು ಯಾವುದು ಅಂತ ಗುರುತು ಹಿಡಿಯಬೇಕು. ಬೂಟ್ ಆದಾಗ ಲಾಗಿನಲ್ಲಿ ಎಕ್ಸ್‌ಐಡಿ ಅಂತ ಬರುವುದು ಅದೇ. "ನಂದು ರಿಯಲ್‌ಟೆಕ್, ಐದು ವರ್ಷದಿಂದ ಚೆನ್ನಾಗಿದೆ" ಅಂತ ಒಬ್ಬರು, "ಮುಟ್ಟಲೇಬೇಡಿ" ಅಂತ ಇನ್ನೊಬ್ಬರು ಹೇಳಿದರೆ ಇಬ್ಬರದೂ ನಿಜವೇ ಇರಬಹುದು. ಸಹಾಯ ಕೇಳುವಾಗ ಎಕ್ಸ್‌ಐಡಿ ಸಮೇತ ಕೇಳಿ.

ಇಂಟೆಲ್ ಕಾರ್ಡೂ ದೇವರಲ್ಲ

ಇಂಟೆಲ್ ಚಿಪ್ಪುಗಳ ಡ್ರೈವರುಗಳು ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರರಲ್ಲೂ ಮೊದಲಿಂದ ಒಳಗೇ ಇವೆ. ಕಣ್ಣು ಮುಚ್ಚಿ ಒಂದು ಆರಿಸು ಅಂದರೆ ನಾನು ಐ210 ಅಥವಾ ಐ350 ಅನ್ನುತ್ತೇನೆ, ಲಿನಕ್ಸ್‌ನಲ್ಲಿ ಎರಡಕ್ಕೂ ಐಜಿಬಿ ಡ್ರೈವರ್. ಆದರೆ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಬರುವ ಐ219, ಅದರ ಇ1000ಇ ಡ್ರೈವರ್, ಇವುಗಳಲ್ಲಿ "ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್" ಅನ್ನುವ ಸಂದೇಶ ಹೆಸರುವಾಸಿ. ದೊಡ್ಡ ಫೈಲು ಕಳಿಸುವಾಗ ಕಾರ್ಡು ನಿಂತುಬಿಡುತ್ತದೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್ ಆಜ್ಞೆಯಲ್ಲಿ ಟಿಎಸ್‌ಒ, ಜಿಎಸ್‌ಒ ಆಫ್ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಪ್ಯಾಕೆಟ್ ತುಂಡು ಮಾಡುವ ಕೆಲಸ ಕಾರ್ಡಿನ ಬದಲು ಪ್ರೊಸೆಸರಿಗೆ ಬೀಳುತ್ತದೆ, ಅಷ್ಟೇ. ಗಿಗಾಬಿಟ್ಟಿಗೆ ಅದು ಭಾರ ಅಲ್ಲ.

2.5 ಗಿಗಾಬಿಟ್ಟಿನ ಐ225ರ ಮೊದಲ ತಂಡದ ಚಿಪ್ಪುಗಳಲ್ಲಿ ದೋಷ ಹಾರ್ಡ್‌ವೇರಿನಲ್ಲೇ ಇತ್ತು. ಎರಡು ಪ್ಯಾಕೆಟ್ ನಡುವೆ ಇರಬೇಕಾದಷ್ಟು ಅಂತರ ಇರುತ್ತಿರಲಿಲ್ಲ, ಕೆಲವು ಸ್ವಿಚ್‌ಗಳ ಜೊತೆ ಪ್ಯಾಕೆಟ್ ಕಳೆದುಹೋಗುತ್ತಿತ್ತು. ಯಾವ ಡ್ರೈವರಿಂದಲೂ ಅದು ಪೂರ್ತಿ ಸರಿ ಹೋಗುವಂಥದ್ದಲ್ಲ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತರುವವರು ಬಿ3 ಆವೃತ್ತಿಯೋ ಇಲ್ಲ ಐ226ನೋ ಕೇಳಿ ತನ್ನಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ಸರ್ವರಿಂದ ಕಿತ್ತ ಐ350 ಕಾರ್ಡು ಸಿಕ್ಕರೆ ಒಳ್ಳೆಯದೇ, ಆದರೆ ಆ ಮಾದರಿಗೆ ನಕಲಿ ಕಾರ್ಡುಗಳೂ ಮಾರುಕಟ್ಟೆಯಲ್ಲಿ ಇವೆ. ತೀರಾ ಅಗ್ಗವಾಗಿ "ಹೊಚ್ಚ ಹೊಸದು" ಅಂದರೆ ಅನುಮಾನ ಪಡಿ.

ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಲ್ಯಾಪ್‌ಟಾಪಿಗೆ ಸರಿ, ರೂಟರಿಗೆ ಬೇಡ. ಯುಎಸ್‌ಬಿ ವೈಫೈ ಡಾಂಗಲ್ ಅಂತೂ ಬೇಡವೇ ಬೇಡ.

ಫ್ರೀಬಿಎಸ್‌ಡಿ

ಇಲ್ಲಿಯೂ ಮಾಡ್ಯೂಲ್ ಇದೆ, ಕೆಎಲ್‌ಡಿಲೋಡ್ ಆಜ್ಞೆಯಿಂದ ಹಾಕುವುದು. ಮಾಮೂಲಿ ಕಾರ್ಡುಗಳ ಡ್ರೈವರ್ ಜೆನೆರಿಕ್ ಅನ್ನುವ ಮಾಮೂಲಿ ಕರ್ನಲ್ ಒಳಗೇ ಸೇರಿರುತ್ತದೆ. 2018ರ 12.0ರಿಂದ ಇಂಟೆಲ್ ಇಎಂ ಡ್ರೈವರ್ ಐಫ್ಲಿಬ್ ಅನ್ನುವ ಒಂದೇ ಚೌಕಟ್ಟಿನ ಮೇಲೆ ನಿಂತಿದೆ. ಕ್ಯೂ, ಇಂಟರಪ್ಟ್ (ಕಾರ್ಡು ಪ್ರೊಸೆಸರನ್ನು ಕರೆಯುವ ಸಂಕೇತ) ಇಂಥ ಎಲ್ಲ ಕಾರ್ಡಿಗೂ ಬೇಕಾದ ಕೆಲಸವನ್ನು ಒಂದೇ ಕಡೆ ಬರೆದಿದ್ದಾರೆ, ಪ್ರತಿ ಡ್ರೈವರೂ ತನ್ನದೇ ರೀತಿಯಲ್ಲಿ ತಪ್ಪು ಮಾಡುವ ಅವಕಾಶ ಕಡಿಮೆ. ಇಂಟೆಲ್ ಕಾರ್ಡು ಹಾಕಿದ ಫ್ರೀಬಿಎಸ್‌ಡಿ ಫೈರ್‌ವಾಲ್ ಒಮ್ಮೆ ಕೂತರೆ ಅಲುಗುವುದಿಲ್ಲ ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ.

ರಿಯಲ್‌ಟೆಕ್ ಆದರೆ ಲೆಕ್ಕ ಬೇರೆ. ಒಳಗಿನ ಆರ್‌ಇ ಡ್ರೈವರಿನಲ್ಲಿ "ವಾಚ್‌ಡಾಗ್ ಟೈಮ್‌ಔಟ್" ಹಳೆಯ ದೂರು. 2023ರ 14.0 ಬಂದಾಗಲೂ 8125 ಚಿಪ್ಪಿಗೆ ಮೂಲ ಕರ್ನಲ್‌ನಲ್ಲಿ ಡ್ರೈವರ್ ಇರಲಿಲ್ಲ. ರಿಯಲ್‌ಟೆಕ್-ಆರ್‌ಇ-ಕೆಮೋಡ್ ಅನ್ನುವ ಪ್ಯಾಕೇಜ್ ಹಾಕಿ, ಲೋಡರ್ ಫೈಲಿನಲ್ಲಿ ಎರಡು ಸಾಲು ಸೇರಿಸಬೇಕಿತ್ತು. ಅಂದರೆ ಹೊರಗಿನ ಮಾಡ್ಯೂಲಿನ ತಾಪತ್ರಯ ಇಲ್ಲಿಗೂ ಬಂತು. ಫ್ರೀಬಿಎಸ್‌ಡಿ ಒಂದು ಬಿಡುಗಡೆಯ ಸಾಲಿನೊಳಗೆ ಕರ್ನಲ್ ಸಂಪರ್ಕಗಳನ್ನು ಸಾಕಷ್ಟು ಸ್ಥಿರವಾಗಿ ಇಡುತ್ತದೆ, ಹಾಗಾಗಿ ಲಿನಕ್ಸ್‌ನಷ್ಟು ಗೋಳು ಇಲ್ಲ. ಹೊಸ ಬಿಡುಗಡೆಗೆ ಹೋಗುವಾಗ ಮಾತ್ರ ಮಾಡ್ಯೂಲ್ ಪ್ಯಾಕೇಜನ್ನೂ ಜೊತೆಗೇ ಹೊಸದು ಮಾಡಲೇಬೇಕು.

ಫ್ರೀಬಿಎಸ್‌ಡಿಯಲ್ಲಿ ನನಗೆ ಹಿಡಿಸಿದ್ದು ಹಿಂದಕ್ಕೆ ಬರುವ ದಾರಿ. ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂ ಮೇಲೆ ಹಾಕಿದರೆ ಬೂಟ್ ಎನ್ವಿರಾನ್‌ಮೆಂಟ್, ಅಂದರೆ ಬೂಟ್ ಮಾಡಬಲ್ಲ ಇಡೀ ಓಎಸ್‌ನ ಬೇರೆ ಬೇರೆ ಪ್ರತಿಗಳು, ಸಿಗುತ್ತದೆ. ಬಿಇಸಿಟಿಎಲ್ ಆಜ್ಞೆಯಿಂದ ಹೊಸದನ್ನು "ಒಂದು ಸಲಕ್ಕೆ ಮಾತ್ರ" ಅಂತ ಆರಿಸಬಹುದು. ಸರಿ ಹೋಗದಿದ್ದರೆ ಮುಂದಿನ ಬೂಟಿನಲ್ಲಿ ಹಳೆಯದೇ, ಡ್ರೈವರ್ ಸಮೇತ, ವಾಪಸ್.

ಓಪನ್‌ಬಿಎಸ್‌ಡಿ

ಇವರು ಮಾಡ್ಯೂಲ್ ಅನ್ನುವುದನ್ನೇ ತೆಗೆದುಹಾಕಿದರು. 2015ರ 5.7 ಬಿಡುಗಡೆಯಿಂದ ಲೋಡ್ ಮಾಡುವ ಮಾಡ್ಯೂಲ್ ಇಲ್ಲ. ಇರುವ ಡ್ರೈವರೆಲ್ಲ ಕರ್ನಲ್ ಒಳಗೆ, ಇಲ್ಲದ್ದು ಇಲ್ಲ. ಆಯ್ಕೆ ಇಲ್ಲದಿರುವುದೇ ಇಲ್ಲಿಯ ಭರವಸೆ: ಕರ್ನಲ್ ಒಂದು ಆವೃತ್ತಿ, ಡ್ರೈವರ್ ಇನ್ನೊಂದು ಆವೃತ್ತಿ ಅನ್ನುವ ಪರಿಸ್ಥಿತಿ ಬರುವುದೇ ಇಲ್ಲ. 2017ರ 6.2ರಿಂದ ಪ್ರತಿ ಬೂಟಿಗೂ ಕರ್ನಲ್ ತುಂಡುಗಳನ್ನು ಬೇರೆ ಕ್ರಮದಲ್ಲಿ ಮತ್ತೆ ಜೋಡಿಸುತ್ತಾರೆ, ಅದು ಭದ್ರತೆಗಾಗಿ.

ವೇಗದಲ್ಲಿ ಮೂರರ ಪೈಕಿ ಇದೇ ಹಿಂದೆ. ಬಹುಕಾಲ ನೆಟ್‌ವರ್ಕ್ ಕೆಲಸವೆಲ್ಲ ಒಂದೇ ದೊಡ್ಡ ಬೀಗದ ಅಡಿಯಲ್ಲಿ ನಡೆಯುತ್ತಿತ್ತು, ನಾಲ್ಕು ಕೋರ್ ಇದ್ದರೂ ಪ್ರಯೋಜನ ಕಡಿಮೆ. ಈಚೆಗೆ ಸುಧಾರಿಸುತ್ತಿದೆ. 100-200 ಮೆಗಾಬಿಟ್ಟಿನ ಲೈನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಜವಾದ ತೊಡಕು ಬೇರೆ: ಆರು ತಿಂಗಳಿಗೊಂದು ಬಿಡುಗಡೆ, ಕೊನೆಯ ಎರಡಕ್ಕೆ ಮಾತ್ರ ಬೆಂಬಲ. ವರ್ಷಕ್ಕೆ ಒಮ್ಮೆಯಾದರೂ ಕೂತು ಅಪ್‌ಗ್ರೇಡ್ ಮಾಡುವವರು ಬೇಕು. ಕಾರ್ಡು ಸಿಕ್ಕಿಹಾಕಿಕೊಂಡರೆ ಡ್ರೈವರ್ ತೆಗೆದು ಹಾಕುವ ಆಟವೂ ಇಲ್ಲ, ರೀಬೂಟೇ ಗತಿ.

ಇನ್ನೊಂದು ಸಣ್ಣ ವಿಷಯ. ಬಿಎಸ್‌ಡಿಗಳಲ್ಲಿ ಕಾರ್ಡಿನ ಹೆಸರು ಡ್ರೈವರಿನ ಹೆಸರೇ: ಇಎಂ0, ಆರ್‌ಇ0. ಸಿಡಿಲು ಬಡಿದು ಇಂಟೆಲ್ ಕಾರ್ಡು ಹೋಗಿ ರಿಯಲ್‌ಟೆಕ್ ಹಾಕಿದರೆ ಸೆಟ್ಟಿಂಗ್ ಫೈಲಿನ ಹೆಸರೂ ಬದಲಾಗಬೇಕು. ಲಿನಕ್ಸ್‌ನಲ್ಲಿ ಹೆಸರು ಸ್ಲಾಟಿನ ಮೇಲೆ ಬರುತ್ತದೆ, ಹೊಸದೊಂದು ಎಸ್‌ಎಸ್‌ಡಿ ಸೇರಿಸಿದಾಗಲೂ ಸಂಖ್ಯೆ ಜರುಗಿಬಿಡಬಹುದು. ಮ್ಯಾಕ್ ವಿಳಾಸ ನೋಡಿ ಹೆಸರು ಕಟ್ಟುವ ವ್ಯವಸ್ಥೆ ಮೊದಲೇ ಮಾಡಿಡಿ.

ಅಳೆಯುವುದು ಹೇಗೆ

ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಎರಡೂ ದಿಕ್ಕಿಗೆ ಓಡಿಸಿ. ಹೋಗುವಾಗ 941, ಬರುವಾಗ 600 ಬಂದರೆ ಅನುಮಾನ ಪಡಿ. ಆಮೇಲೆ ಸಣ್ಣ ಯುಡಿಪಿ ಪ್ಯಾಕೆಟ್ ಹಾಕಿ ನೋಡಿ, ಡ್ರೈವರಿನ ಬಂಡವಾಳ ಅಲ್ಲಿ ಗೊತ್ತಾಗುತ್ತದೆ. ಅತಿ ಚಿಕ್ಕ 64 ಬೈಟಿನ ಫ್ರೇಮ್‌ಗಳಾದರೆ ಗಿಗಾಬಿಟ್ಟಿನಲ್ಲೇ ಸೆಕೆಂಡಿಗೆ 14.88 ಲಕ್ಷ ಆಗುತ್ತದೆ. ಪ್ರತಿ ಪ್ಯಾಕೆಟಿಗೂ ಇಂಟರಪ್ಟ್ ಬಂದರೆ ಪ್ರೊಸೆಸರ್ ಬೇರೆ ಕೆಲಸ ಮಾಡುವ ಹಾಗಿಲ್ಲ. ಲಿನಕ್ಸ್‌ನ ನಾಪಿ ಇದಕ್ಕೇ ಇರುವುದು. ಒತ್ತಡ ಬಂದಾಗ ಇಂಟರಪ್ಟ್ ನಿಲ್ಲಿಸಿ, ಸಾಮಾನ್ಯವಾಗಿ 64ರ ಕಂತಿನಲ್ಲಿ ಪ್ಯಾಕೆಟ್ ಎತ್ತಿಕೊಳ್ಳುತ್ತದೆ. ಡಿಪಿಡಿಕೆ ಥರದ್ದು ಕರ್ನಲ್ಲನ್ನೇ ಬದಿಗಿಟ್ಟು ಒಂದು ಇಡೀ ಕೋರನ್ನು ಕಾಯಲು ನಿಲ್ಲಿಸುತ್ತದೆ. ಡೇಟಾ ಸೆಂಟರಿಗೆ ಸರಿ, ಯುಪಿಎಸ್ ಮೇಲೆ ಓಡುವ ಪಿಸಿಗೆ ಬೇಡ.

ವೇಗಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ ಪರೀಕ್ಷೆಗಳು ಇವು: ರಾತ್ರಿಯಿಡೀ ಲೋಡ್ ಹಾಕಿ ಬೆಳಗ್ಗೆ ಲಾಗ್ ನೋಡುವುದು. ಕೇಬಲ್ ಕಿತ್ತು ಹಾಕಿ ಲಿಂಕ್ ತಾನೇ ಏಳುತ್ತದಾ ನೋಡುವುದು. ಸ್ವಿಚ್‌ನ ಕರೆಂಟ್ ಮಾತ್ರ ತೆಗೆದು ಹಾಕುವುದು, ಯಾಕೆಂದರೆ ನಮ್ಮಲ್ಲಿ ಪಿಸಿಗೆ ಯುಪಿಎಸ್ ಇರುತ್ತದೆ, ಸ್ವಿಚ್‌ಗೆ ಇರುವುದಿಲ್ಲ. ಕೊನೆಗೆ ಕರ್ನಲ್ ಅಪ್‌ಡೇಟ್ ಮಾಡಿ ರೀಬೂಟ್. ಇದೆಲ್ಲ ಪೇಟೆಯಲ್ಲಿ, ಮೇಜಿನ ಮೇಲೆ ಮುಗಿಸಿ ಆಮೇಲೆ ಗುಡ್ಡ ಹತ್ತಿಸಿ. ಸಿಡಿಲಿಗೆ ಮಾತ್ರ ಯಾವ ಡ್ರೈವರೂ ಔಷಧಿ ಅಲ್ಲ. ಪಲ್ಪರ್ ಮನೆಗೋ ಕಣದ ಕ್ಯಾಮೆರಾಗೋ ಹೋಗುವ ಉದ್ದ ತಾಮ್ರದ ಕೇಬಲ್ ಬದಲು ಫೈಬರ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿ.

ಯಾರಿಗೆ ಯಾವುದು

ಕಳಸ, ಬಾಳೆಹೊನ್ನೂರು ಕಡೆಯ ದೂರದ ಎಸ್ಟೇಟ್ ಆಫೀಸಿಗೆ ನನ್ನ ಮತ ಲಿನಕ್ಸ್‌ನ ಡೆಬಿಯನ್ ಸ್ಟೇಬಲ್, ಇಂಟೆಲ್ ಕಾರ್ಡು, ಕರ್ನಲ್ ಜೊತೆ ಬಂದ ಡ್ರೈವರ್. ಡೆಬಿಯನ್ ಒಂದು ಬಿಡುಗಡೆಯ ಉದ್ದಕ್ಕೂ ಒಂದೇ ಕರ್ನಲ್ ಸಾಲಿನಲ್ಲಿ ಇರುತ್ತದೆ, 12ಕ್ಕೆ 6.1ರ ಹಾಗೆ. ತಿಂಗಳಿಗೊಂದು ಅಚ್ಚರಿ ಇರುವುದಿಲ್ಲ. ರಿಯಲ್‌ಟೆಕ್ ಬೋರ್ಡು ಈಗಾಗಲೇ ಇದ್ದರೆ ಎಸೆಯಬೇಡಿ. ಆರ್8169ನಲ್ಲೇ ರಾತ್ರಿಯ ಪರೀಕ್ಷೆ ಪಾಸಾದರೆ ಸಾಕು.

ಸಕಲೇಶಪುರದ ಹೋಂಸ್ಟೇಗೆ, ಅತಿಥಿಗಳ ವೈಫೈ ಬೇರೆ, ಆಫೀಸು ಬೇರೆ ಅಂತ ವಿಂಗಡಿಸುವ ಫೈರ್‌ವಾಲ್ ಬೇಕಾದರೆ, ಫ್ರೀಬಿಎಸ್‌ಡಿ ಮೇಲೆ ಕಟ್ಟಿದ ಓಪಿಎನ್‌ಸೆನ್ಸ್ ಚೆನ್ನಾಗಿದೆ. ಆದರೆ ಇಂಟೆಲ್ ಕಾರ್ಡು ಇದ್ದರೆ ಮಾತ್ರ. ಕಾರ್ಡಿಗೆ ಕೊಡುವ ದುಡ್ಡು ಉಳಿಸಿ ಫ್ರೀಬಿಎಸ್‌ಡಿ ಹಾಕುವುದಾದರೆ ಲಿನಕ್ಸೇ ವಾಸಿ. ಅಂಗಡಿಯ ಬಿಲ್ಲಿಂಗ್ ಪಿಸಿಗೆ ಇಷ್ಟೆಲ್ಲ ಯೋಚನೆಯೇ ಬೇಡ, ಬಂದ ಕಾರ್ಡು ಬಂದ ಡ್ರೈವರಿನಲ್ಲೇ ಓಡಲಿ.

ಓಪನ್‌ಬಿಎಸ್‌ಡಿಯನ್ನು ನಾನು ಹಾಸನದ ಪೇಟೆಯೊಳಗಿನ ಆಫೀಸಿಗೆ ಹೇಳುತ್ತೇನೆ, ಅದನ್ನು ಇಷ್ಟಪಟ್ಟು ನೋಡಿಕೊಳ್ಳುವ ಒಬ್ಬರು ಅಲ್ಲೇ ಇದ್ದರೆ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗಾದರೆ ಮೂರನ್ನೂ ಹಾಕಿ, ಮಿನಿಕ್ಸ್ 3 ಕೂಡ. ವಿದ್ಯಾರ್ಥಿಗಳು ಡ್ರೈವರನ್ನು ಕೊಂದು ಅದು ಮತ್ತೆ ಏಳುವುದನ್ನು ನೋಡಲಿ.

ಯಾವುದನ್ನೇ ಹಾಕಿ, ದೂರದ ಯಂತ್ರದಲ್ಲಿ ಹೊಸ ಕರ್ನಲ್ಲನ್ನು ನೇರವಾಗಿ ಕಾಯಂ ಮಾಡಬೇಡಿ. ಡೆಬಿಯನ್‌ನಲ್ಲಿ ಯಾವ ಕರ್ನಲ್ ಬೂಟ್ ಆಗಬೇಕು ಅಂತ ಆರಿಸುವ ಗ್ರಬ್‌ನ ಡೀಫಾಲ್ಟನ್ನು "ಸೇವ್ಡ್" ಅಂತ ಇಟ್ಟು, ಹಳೆಯ ಕರ್ನಲ್ಲನ್ನೇ ಡೀಫಾಲ್ಟಾಗಿ ಉಳಿಸಿ, ಗ್ರಬ್-ರೀಬೂಟ್ ಆಜ್ಞೆಯಿಂದ ಹೊಸ ಕರ್ನಲ್ಲನ್ನು ಒಂದು ಸಲಕ್ಕೆ ಆರಿಸಿ. ಬೂಟ್ ಆದ ಹದಿನೈದು ನಿಮಿಷದಲ್ಲಿ ಗೇಟ್‌ವೇ ಸಿಗದಿದ್ದರೆ ರೀಬೂಟ್ ಮಾಡುವ ಟೈಮರ್ ಇಡಿ. ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಕರ್ನಲ್ಲೇ ಕೆಟ್ಟು ನಿಂತರೆ, ಹತ್ತು ಸೆಕೆಂಡಿನಲ್ಲಿ ರೀಬೂಟ್ ಆಗುವ ಸೆಟ್ಟಿಂಗೂ ಇರಲಿ. ಕಾರ್ಡು ಏಳದಿದ್ದರೆ ಯಂತ್ರ ತಾನೇ ಹಳೆಯ ಕರ್ನಲ್‌ಗೆ ಮರಳುತ್ತದೆ. ಎದ್ದರೆ ಒಳಗೆ ಹೋಗಿ ಹೊಸದನ್ನು ಡೀಫಾಲ್ಟ್ ಮಾಡಿ. ಹಳೆಯ ಕರ್ನಲ್ಲನ್ನು ಆಟೋರಿಮೂವ್ (ಬೇಡವಾದ ಪ್ಯಾಕೇಜ್ ತೆಗೆಯುವ ಆಜ್ಞೆ) ತೆಗೆದುಹಾಕಿಲ್ಲವಾ ಅನ್ನುವುದನ್ನು ಮಾತ್ರ ಇದಕ್ಕೆ ಮೊದಲೇ ನೋಡಿಕೊಳ್ಳಿ.